ತಕ್ಕೆ ಗುಡಿಸು, ರ ಒತ್ತು

ನವೆಂಬರ್ ಬಂತೆಂದರೆ ನಮ್ಮವ್ವ ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆ ಎಂದು ತೋರಿಸಿ ಬರಬೇಕು. ಪೆನ್ಶನ್ ತೆಗೆದುಕೊಳ್ಳುವವರಿಗೆ ವರ್ಷಕ್ಕೊಮ್ಮೆ ಇದು ತಪ್ಪಿದ್ದಲ್ಲ. ಹಿಂದೆ ಮ್ಯಾನೇಜರರ ಎದುರು ಒಂದು ಕಾಗದಕ್ಕೆ ಸಹಿ ಮಾಡಿದರೆ ಮುಗಿಯುತ್ತಿತ್ತು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಶುರುವಾಯಿತು, ಅದರ ಹಿಂದೆಯೇ ಬೆರಳಚ್ಚಿನ ಯಂತ್ರ ಬಂತು. ಅಂಗೈಯಷ್ಟು ಅಗಲದ ಕಪ್ಪು ಡಬ್ಬಿ, ನಡುವೆ ಗಾಜು, ಗಾಜಿನೊಳಗೆ ಕೆಂಪು ಬೆಳಕು. ಅವ್ವ ಹೆಬ್ಬೆರಳಿಟ್ಟಾಗಲೆಲ್ಲ ಅದು ಒಲ್ಲೆ ಎನ್ನುತ್ತದೆ. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಬೆರಳು ಅದು. ಅದಕ್ಕಿಂತ ಹೆಚ್ಚು ವರ್ಷ ರೊಟ್ಟಿ ಬಡಿದು, ಬೂದಿ ಹಚ್ಚಿ ಪಾತ್ರೆ ತಿಕ್ಕಿದ ಬೆರಳು. ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಬೆಳಕಿಗೆ ಹಿಡಿದು ನೋಡಿದರೆ ನದಿಯ ಕಲ್ಲಿನ ಹಾಗೆ ಕಾಣುತ್ತದೆ.

ಈ ವರ್ಷ ಅದಕ್ಕಿಂತ ಮೊದಲೇ ಇನ್ನೊಂದು ತಕರಾರು ಎದ್ದಿತು. ಪೆನ್ಶನ್ ಪುಸ್ತಕದಲ್ಲಿ ಅವ್ವನ ಹೆಸರಿನ ಇಂಗ್ಲಿಷ್ ಕಾಗುಣಿತಕ್ಕೆ ಒಂದು ಎಚ್ ಇದೆ, ಆಧಾರ್ ಕಾರ್ಡಿನಲ್ಲಿ ಇಲ್ಲ. ಕೌಂಟರಿನ ಹುಡುಗ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದ. "ಅಜ್ಜೀ, ಈ ಇಬ್ರೂ ಒಬ್ಬರ ಅಂತ ಸಿಸ್ಟಮ್ ತಗೋಳವಲ್ದು" ಅಂದ. "ಒಬ್ಬಾಕಿ ಇಲ್ಲೇ ನಿಂತೀನಲ್ಲಪಾ ತಮ್ಮಾ" ಅಂದಳು ಅವ್ವ. ಅವನಿಗೂ ಸಂಕಟವೇ. "ಸ್ವಲ್ಪ ಕುಂಡ್ರ್ರಿ, ಸಾಹೇಬ್ರನ್ನ ಕೇಳಿ ಬರ್ತೀನಿ" ಎಂದು ಒಳಗೆ ಹೋದ. ಹಿಂದಿನ ವಾರ ಅಂಗಳದಲ್ಲಿ ಕಾಲು ಉಳುಕಿ ನನ್ನ ಬಲಪಾದಕ್ಕೆ ಪಟ್ಟಿ ಕಟ್ಟಿತ್ತು. ಕುಳಿತುಕೊಳ್ಳುವುದೇ ವಾಸಿ ಎನಿಸಿತು. ಗೋಡೆಯ ಬದಿಯ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಅವ್ವನ ತೊಡೆಯ ಮೇಲೆ ಕಾಗದದ ಚೀಲ, ಚೀಲದ ಮೇಲೆ ಅವಳ ಎರಡೂ ಕೈ.

ಒಂದು ಎಚ್ಚಿಗೆ ನನಗೆ ಇಷ್ಟು ಬೇಸರ ಬಂದದ್ದು ಯಾಕೆ ಎಂದು ಆಗ ಹೊಳೆಯಿತು. ಮೂರು ತಿಂಗಳ ಹಿಂದೆ ಅಕ್ಕನ ಮೊಮ್ಮಗಳಿಗೆ ಹೆಸರಿಡುವ ದಿನ ಆದದ್ದು ಇನ್ನೂ ಮನಸ್ಸಿನಲ್ಲಿ ಕುಟುಕುತ್ತಿತ್ತು. ತೊಟ್ಟಿಲ ಸುತ್ತ ಎಲ್ಲರೂ ನೆರೆದಿದ್ದರು. ಹಿರಿಯರೊಬ್ಬರು, "ಮುತ್ತಜ್ಜಿ ಹೆಸರ ಇಡ್ರಲಾ, ಸಾವಿತ್ರಿ ಅಂತ" ಅಂದರು. ಕ್ಷಣ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಂದು ದನಿ, "ಬ್ಯಾಡ್ರಿ, ಹೆಸರಿನಾಗ ಸಾವು ಐತಿ." ಹೇಳಿದವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ, ಎಳೆಗೂಸಿನ ಮೇಲಿನ ಅಕ್ಕರೆ ಅಷ್ಟೇ. ಅವ್ವ ತೊಟ್ಟಿಲ ಹಗ್ಗ ಹಿಡಿದು ತೂಗುತ್ತಲೇ ಇದ್ದಳು. ನಾನೂ ಸುಮ್ಮನಿದ್ದೆ. ಅವತ್ತು ಬಾಯಿಗೆ ಬಾರದೆ ಉಳಿದದ್ದು ಆ ಬೆಂಚಿನ ಮೇಲೆ ಒಂದೊಂದಾಗಿ ಬಂತು.

ಸಾವು ಇದೆ, ನಿಜ. ಕನ್ನಡದ ಕಿವಿಗೆ ಅದು ಕೇಳದೆ ಇರುವುದಿಲ್ಲ. ಧಾರವಾಡದ ಕಡೆಯ ಕಿವಿಗಂತೂ ಇನ್ನೂ ಹೆಚ್ಚು. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಫೋನ್ ಇದ್ದದ್ದು ಒಂದು ಕಿರಾಣಿ ಅಂಗಡಿಯಲ್ಲಿ. ಒಮ್ಮೆ ಅವ್ವ ಅಲ್ಲಿಂದ ಸೋದರಮಾವನ ಆಫೀಸಿಗೆ ಟ್ರಂಕ್ ಕಾಲ್ ಮಾಡಿಸಿದಳು. ಮಾವ ಸೀಟಿನಲ್ಲಿ ಇರಲಿಲ್ಲ. ಎತ್ತಿದವರು ಯಾರು ಅಂತ ಕೇಳಿದಾಗ ಅವ್ವ, "ಸಾವಿತ್ರೀ" ಅಂದಳು. ಗರಗರ ಅನ್ನುವ ತಂತಿಯಲ್ಲಿ ಆ ಕಡೆಗೆ ಕೇಳಿಸಿದ್ದು "ಸಾವ್ ಇತ್ರೀ". ಅಷ್ಟರಲ್ಲಿ ಲೈನು ಕಡಿಯಿತು. ನಡುರಾತ್ರಿ ನಮ್ಮ ಮನೆಯ ಬಾಗಿಲು ಬಡಿದ ಸದ್ದು. ಅವ್ವ ಕಂದೀಲು ಹಿಡಿದು ಚಿಲಕ ತೆಗೆದರೆ ಎದುರಿಗೆ ಮಾವ, ಮೈಯೆಲ್ಲ ಬಸ್ಸಿನ ಧೂಳು. ಅವ್ವನ ಮುಖ ನೋಡಿದವನೇ ಮಣಿಕಟ್ಟು ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದು ಕುಳಿತ. ಮಾತೇ ಬರಲಿಲ್ಲ. ಬಹಳ ಹೊತ್ತಿನ ಮೇಲೆ, "ಸಾವಕ್ಕಾ, ನೀ ಅದಿ" ಅಂದ. ಮುಂದಿನ ಮೂವತ್ತು ವರ್ಷ ಈ ಕತೆ ಹೇಳಿ ಎಲ್ಲರೂ ನಕ್ಕೆವು, ಮಾವನೂ ನಗುತ್ತಿದ್ದ. ಆದರೆ ಅವನು ಅವ್ವನ ಮಣಿಕಟ್ಟು ಬಿಡದೆ ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿದೆ.

ಸಾವು ನಮ್ಮ ಕನ್ನಡದ ಮಾತು, ಸಾಯು ಅನ್ನುವುದರಿಂದ ಬಂದದ್ದು. ಸಾವಿತ್ರಿಯ ಬೇರು ಬೇರೆ ಕಡೆ ಇದೆ. ಸವಿತೃ ಅಂದರೆ ಸೂರ್ಯ. ಅವನಿಗೆ ಸೇರಿದವಳು, ಅವನ ಮಗಳು ಸಾವಿತ್ರಿ. ಋಗ್ವೇದದ ಹತ್ತನೆಯ ಮಂಡಲದ ಮದುವೆಯ ಸೂಕ್ತಕ್ಕೆ ಋಷಿ ಎಂದು ಹೇಳುವುದೇ ಸೂರ್ಯಾ ಸಾವಿತ್ರಿ ಎಂಬ ಹೆಣ್ಣನ್ನು. ಇನ್ನು ಸವಿತೃ ಅನ್ನುವುದಕ್ಕೆ ಬೇರು 'ಸೂ' ಎಂಬ ಧಾತು. ಅದರ ಅರ್ಥ ಪ್ರೇರಿಸು, ಎಬ್ಬಿಸು, ಮುಂದಕ್ಕೆ ನೂಕು. ಅದೇ ರೂಪದ ಇನ್ನೊಂದು ಧಾತುವಿಗೆ ಹೆರುವುದು ಎಂಬ ಅರ್ಥ. ಪ್ರಸವ ಬಂದದ್ದು ಅಲ್ಲಿಂದ. ಹಾಗಾಗಿ ಸವಿತೃ ಬರಿಯ ಬೆಳಕಿನ ದೇವರಲ್ಲ, ಹೊತ್ತು ಮೂಡುವಾಗ ಕೈಯೆತ್ತಿ ಜಗತ್ತನ್ನೆಲ್ಲ ಕೆಲಸಕ್ಕೆ ಹಚ್ಚುವವನು, ಹೊತ್ತು ಮುಳುಗುವಾಗ ಅದೇ ಕೈಯಿಂದ ಎಲ್ಲರನ್ನೂ ಗೂಡಿಗೆ ಕಳಿಸುವವನು. ವೇದದಲ್ಲಿ ಅವನ ಕಣ್ಣಿಗಿಂತ, ಮುಖಕ್ಕಿಂತ ಕೈಯ ವರ್ಣನೆ ನನಗೆ ಇಷ್ಟ. ಅವನು ಹಿರಣ್ಯಪಾಣಿ, ಬಂಗಾರದ ಕೈಯವನು.

ಈ ಅರ್ಥ ತಿಳಿದ ದಿನ ನನಗೆ ನೆನಪಾದದ್ದು ಬೆಳಗಿನ ನಮ್ಮ ಮನೆ. "ಏಳ್ರೆವ್ವಾ, ಹೊತ್ತ ಹುಟ್ಟೇತಿ" ಎಂದು ಅವ್ವ ಕೌದಿಯ ಮೇಲಿಂದಲೇ ನಮ್ಮ ಬೆನ್ನು ತಟ್ಟುತ್ತಿದ್ದಳು. ಒಲೆಗೆ ಬೆಂಕಿ ಹಾಕಿ, ನಮ್ಮ ಜಡೆ ಹೆಣೆದು, ರೊಟ್ಟಿ ಕಟ್ಟಿಕೊಂಡು, ಮೂರು ಮೈಲಿ ಆಚೆಯ ಶಾಲೆಗೆ ಹೊರಡುತ್ತಿದ್ದಳು. ದಾರಿಯಲ್ಲಿ ಶಾಲೆ ತಪ್ಪಿಸಿ ಎಮ್ಮೆ ಕಾಯಲು ಹೊರಟ ಹುಡುಗಿಯರು ಸಿಕ್ಕರೆ ಅವರನ್ನೂ ಎಬ್ಬಿಸಿಕೊಂಡೇ ಹೋಗುವಳು. ಅವಳ ಹೆಸರಿಗೆ ಇಂಥ ಅರ್ಥವಿದೆ ಎಂದು ಅವಳಿಗೆ ಹೇಳಿದಾಗ, "ಹೌದೇನ? ನಮ್ಮಪ್ಪಗ ಅದೆಲ್ಲ ಗೊತ್ತಿರಲಿಲ್ಲವಾ, ನಮ್ಮಜ್ಜಿ ಹೆಸರ ಇತ್ತು, ಇಟ್ಟರು" ಅಂದಳು. ಆದರೂ ಅವತ್ತು ಸಂಜೆಯೆಲ್ಲ ಖುಷಿಯಲ್ಲಿದ್ದಳು.

ಗಾಯತ್ರಿ ಮಂತ್ರದ ನಿಜವಾದ ಹೆಸರೂ ಸಾವಿತ್ರಿಯೇ. ಗಾಯತ್ರಿ ಎಂಬುದು ಛಂದಸ್ಸಿನ ಹೆಸರು, ಎಂಟೆಂಟು ಅಕ್ಷರಗಳ ಮೂರು ಪಾದ, ಒಟ್ಟು 24. ಋಗ್ವೇದದ ಮೂರನೆಯ ಮಂಡಲದ ಆ ಋಕ್ಕು ಸವಿತೃವಿನ ಕುರಿತದ್ದು, ಋಷಿ ವಿಶ್ವಾಮಿತ್ರ. ಉಪನಯನದಲ್ಲಿ ಶಾಲು ಹೊದಿಸಿ ಹುಡುಗನ ಕಿವಿಯಲ್ಲಿ ಹೇಳುವುದು ಸಾವಿತ್ರಿಯನ್ನೇ. ವಯಸ್ಸು ಮೀರಿದರೂ ಅದನ್ನು ಪಡೆಯದವನನ್ನು ಧರ್ಮಶಾಸ್ತ್ರಗಳು ಪತಿತಸಾವಿತ್ರೀಕ ಎಂದು ಕರೆದು ಹೊರಗಿಟ್ಟವು. ಹೆಣ್ಣಿನ ಹೆಸರು ಹೊತ್ತ ಮಂತ್ರ ಹೆಣ್ಣಿನ ಕಿವಿಗೇ ಬೀಳದ ಹಾಗೆ ಎಷ್ಟು ತಲೆಮಾರು ಕಾದರು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಹಾಭಾರತದ ಸಾವಿತ್ರಿಗೆ ಹೆಸರು ಬಂದದ್ದು ಈ ಮಂತ್ರದಿಂದಲೇ. ಮದ್ರದೇಶದ ಅಶ್ವಪತಿ ಮಕ್ಕಳಿಲ್ಲದೆ ಹದಿನೆಂಟು ವರ್ಷ ಸಾವಿತ್ರಿಯನ್ನು ಹೇಳಿ ಅಗ್ನಿಗೆ ಆಹುತಿ ಕೊಟ್ಟ. ದೇವಿ ಅಗ್ನಿಯಿಂದೆದ್ದು ಬಂದಳು. ಅವನಿಗೆ ಬೇಕಾದದ್ದು ಗಂಡು ಮಕ್ಕಳು, ಕೊಟ್ಟದ್ದು ಒಂದು ಹೆಣ್ಣು. ಆ ಮಗಳು ಬೆಳೆದಾಗ ಅವಳ ತೇಜಸ್ಸಿಗೆ ಹೆದರಿ ಯಾವ ರಾಜಕುಮಾರನೂ ಕೇಳಿಕೊಂಡು ಬರಲಿಲ್ಲ. ನೀನೇ ಹುಡುಕಿಕೋ ಎಂದ ಅಪ್ಪ. ಅವಳು ರಥ ಹತ್ತಿ ಊರೂರು, ಕಾಡುಕಾಡು ಸುತ್ತಿ, ಕುರುಡನಾಗಿ ರಾಜ್ಯ ಕಳೆದುಕೊಂಡ ದ್ಯುಮತ್ಸೇನನ ಮಗ ಸತ್ಯವಾನನನ್ನು ಆರಿಸಿಕೊಂಡು ಬಂದಳು. ಅವನಿಗಿರುವುದು ಒಂದೇ ವರ್ಷ ಎಂದು ನಾರದ ಹೇಳಿದ, ಬೇರೆಯವನನ್ನು ನೋಡು ಎಂದು ಅಪ್ಪ ಹೇಳಿದ. ಅವಳು ಆರಿಸಿದ್ದನ್ನು ಬದಲಿಸಲಿಲ್ಲ.

ಈ ಕತೆಯನ್ನು ಯಕ್ಷಗಾನದಲ್ಲಿ, ಕಂಪನಿ ನಾಟಕದಲ್ಲಿ, ಸಿನೆಮಾದಲ್ಲಿ ನೋಡಿ ಬೆಳೆದವರಿಗೆ ಸಾವಿತ್ರಿ ಜಾಣತನದಿಂದ ಯಮನನ್ನು ಮಾತಿನಲ್ಲಿ ಸಿಕ್ಕಿಸಿದಳು ಎಂದೇ ನೆನಪು. ನೂರು ಮಕ್ಕಳ ವರ ಕೇಳಿದಳು, ಗಂಡನಿಲ್ಲದೆ ಮಕ್ಕಳು ಹೇಗೆ ಅಂದಳು, ಯಮ ಬಿದ್ದ. ವನಪರ್ವದಲ್ಲಿ ಅದಕ್ಕಿಂತ ದೊಡ್ಡದು ನಡೆಯುತ್ತದೆ. ಯಮ ಸತ್ಯವಾನನ ಮೈಯಿಂದ ಹೆಬ್ಬೆರಳಷ್ಟು ಗಾತ್ರದ ಪುರುಷನನ್ನು ಪಾಶದಲ್ಲಿ ಎಳೆದುಕೊಂಡು ತೆಂಕಲಿಗೆ ಹೊರಡುತ್ತಾನೆ. ಸಾವಿತ್ರಿ ಅಳುತ್ತ ಕಾಲಿಗೆ ಬೀಳುವುದಿಲ್ಲ, ಜೊತೆಗೆ ನಡೆಯುತ್ತಾಳೆ. ಏಳು ಹೆಜ್ಜೆ ಕೂಡಿ ನಡೆದವರು ಸ್ನೇಹಿತರು, ಆ ಸ್ನೇಹದಿಂದ ಮಾತಾಡುತ್ತೇನೆ ಅನ್ನುತ್ತಾಳೆ. ಧರ್ಮದ ಬಗ್ಗೆ, ಒಳ್ಳೆಯವರ ಸಂಗದ ಬಗ್ಗೆ ಆಡುತ್ತ ಹೋಗುತ್ತಾಳೆ. ಯಮನಿಗೆ ಆ ಮಾತು ಬಾಯಾರಿದವನಿಗೆ ನೀರು ಸಿಕ್ಕ ಹಾಗೆ ಆಗುತ್ತದೆ. ಇವನ ಜೀವವೊಂದನ್ನು ಬಿಟ್ಟು ಬೇರೆ ಕೇಳು ಎಂದು ನಾಲ್ಕು ಸಲ ವರ ಕೊಡುತ್ತಾನೆ: ಮಾವನಿಗೆ ಕಣ್ಣು, ಮಾವನಿಗೆ ರಾಜ್ಯ, ಅಪ್ಪನಿಗೆ ನೂರು ಮಕ್ಕಳು, ತನಗೆ ನೂರು ಮಕ್ಕಳು. ಐದನೆಯ ಸಲ ಅವಳ ಮಾತು ಕೇಳಿ ಮನಸ್ಸು ತುಂಬಿ ಬಂದು ವರ ಕೇಳು ಅನ್ನುವಾಗ 'ಇವನ ಜೀವ ಬಿಟ್ಟು' ಎಂಬ ಕಟ್ಟು ಯಮನ ಬಾಯಿಂದ ಬರುವುದೇ ಇಲ್ಲ. ಆ ಕಟ್ಟನ್ನು ಬಿಚ್ಚಿದವನು ಅವನೇ. ಅವಳು ಗೆದ್ದದ್ದು ಮೋಸದಿಂದಲ್ಲ, ಸಾವಿಗೂ ಕೇಳಬೇಕೆನಿಸುವಂಥ ಮಾತಿನಿಂದ.

ಅವ್ವ ಮೂರನೆಯ ತರಗತಿಗೆ ಈ ಕತೆ ಹೇಳಿದಾಗ ಒಬ್ಬ ಹುಡುಗಿ ಎದ್ದು, "ಟೀಚರ್, ಯಮ ಆಕಿ ಮಾತ ಯಾಕ ಕೇಳಿದ್ರೀ?" ಎಂದು ಕೇಳಿದ್ದಳಂತೆ. ಅವ್ವ ಅಂದದ್ದು ಇಷ್ಟು: "ಅವನ ಜೋಡಿ ಯಾರೂ ನಡದಿರಲಿಲ್ಲವಾ ಅಲ್ಲೀತನಕ."

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಯಮ ಹೋದ ಮೇಲಿನ ಭಾಗ. ನಾಟಕದವರು ಅಲ್ಲಿಗೆ ಮಂಗಳ ಹಾಡಿಬಿಡುತ್ತಾರೆ. ವ್ಯಾಸರು ಹಾಡುವುದಿಲ್ಲ. ಸತ್ಯವಾನ ಕಣ್ಣು ತೆರೆದು, ಇಷ್ಟು ಹೊತ್ತು ಮಲಗಿದೆನಲ್ಲ, ಯಾಕೆ ಎಬ್ಬಿಸಲಿಲ್ಲ, ಆ ಕಪ್ಪು ಮನುಷ್ಯ ಯಾರು ಎಂದು ಕೇಳುತ್ತಾನೆ. ನಾಳೆ ಹೇಳುತ್ತೇನೆ, ರಾತ್ರಿಯಾಗಿದೆ ಅನ್ನುತ್ತಾಳೆ. ನಿನಗೆ ಆಗದಿದ್ದರೆ ಇಲ್ಲೇ ಬೆಂಕಿ ಮಾಡಿಕೊಂಡು ಇರುಳು ಕಳೆಯೋಣ ಅನ್ನುತ್ತಾಳೆ. ಅವನಿಗೆ ಅಪ್ಪ ಅಮ್ಮನ ಚಿಂತೆ. ಆಗ ಅವಳು ಹಣ್ಣಿನ ಬುಟ್ಟಿಯನ್ನು ಮರದ ಕೊಂಬೆಗೆ ತೂಗುಹಾಕಿ, ಕೊಡಲಿಯನ್ನು ತಾನು ತೆಗೆದುಕೊಂಡು, ಅವನ ತೋಳನ್ನು ತನ್ನ ಎಡಹೆಗಲ ಮೇಲೆ ಹಾಕಿ, ಬಲಗೈಯಿಂದ ಅವನನ್ನು ಬಳಸಿ ಹಿಡಿದು ಕತ್ತಲಲ್ಲಿ ನಡೆಯುತ್ತಾಳೆ. ಮುತ್ತುಗದ ಮರಗಳ ಹತ್ತಿರ ದಾರಿ ಎರಡಾಗುತ್ತದೆ, ಬಡಗಣದ್ದನ್ನು ಹಿಡಿ ಎಂದು ಅವನು ಹೇಳುತ್ತಾನೆ. ಬುಟ್ಟಿಯನ್ನು ಬಿಸಾಡದೆ ಕೊಂಬೆಗೆ ಹಾಕಿದಳಲ್ಲ, ಅಲ್ಲಿ ನನ್ನ ಕಣ್ಣು ತುಂಬುತ್ತದೆ. ಸಾವಿನ ಜೊತೆ ಅಷ್ಟು ದೂರ ಹೋಗಿ ಬಂದವಳಿಗೆ ನಾಳೆ ಬೆಳಿಗ್ಗೆ ಮನೆಯಲ್ಲಿ ಹಣ್ಣು ಬೇಕು ಎಂಬುದು ನೆನಪಿತ್ತು.

ಇಂಥ ಹೆಸರನ್ನು ನಾವು ಏನು ಮಾಡಿಕೊಂಡೆವು ನೋಡಿ. 'ಸತಿ' ಅಂಟಿಸಿ ಬೈಗುಳ ಮಾಡಿದೆವು. "ಬಂದಳು ದೊಡ್ಡ ಸತಿ ಸಾವಿತ್ರಿ" ಎಂದು ಬಾವಿಕಟ್ಟೆಯಲ್ಲಿ ಮೂತಿ ತಿರುವಿದ್ದನ್ನು ನಾನೇ ಕೇಳಿದ್ದೇನೆ. ತಲೆತಗ್ಗಿಸಿ ನಡೆಯುವ ಹೆಂಡತಿಗೆ ಅದನ್ನು ಗುರುತು ಮಾಡಿದೆವು. ತಲೆತಗ್ಗಿಸಿ ನಡೆಯುವವಳು ರಥ ಹತ್ತಿ ವರ ಹುಡುಕಲು ಹೋಗುತ್ತಿದ್ದಳೇ?

ಹಳೆಯ ಮಹಾಬಳೇಶ್ವರದ ಪಂಚಗಂಗಾ ಗುಡಿಗೆ ಅವ್ವನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಕೃಷ್ಣಾ, ಕೊಯ್ನಾ, ವೆಣ್ಣಾ, ಗಾಯತ್ರಿ, ಸಾವಿತ್ರಿ ಐದೂ ಅಲ್ಲಿ ಹುಟ್ಟುತ್ತವೆ ಎಂದು ನಂಬಿಕೆ; ಕಲ್ಲಿನ ಹಸುವಿನ ಬಾಯಿಂದ ನೀರು ಬೀಳುತ್ತಿರುತ್ತದೆ. ಕೃಷ್ಣೆ ಮೂಡಲಿಗೆ ಹರಿದು ನಮ್ಮ ನಾಡಿಗೆ ಬರುತ್ತಾಳೆ. ಸಾವಿತ್ರಿ ಪಡುವಲಿಗೆ ಘಟ್ಟ ಇಳಿದು ಮಹಾಡದ ಮೇಲೆ ಹಾದು ಅರಬ್ಬಿ ಸಮುದ್ರ ಸೇರುತ್ತಾಳೆ. "ತವರು ಒಂದ, ಕೊಟ್ಟ ಊರು ಬ್ಯಾರೆ" ಎಂದು ಅವ್ವ ಬೊಗಸೆ ಒಡ್ಡಿದಳು. ಹೆಸರಿನವಳ ನೀರು ಎಂದು ಒಂದು ಬಾಟಲಿ ತುಂಬಿಸಿಕೊಂಡು ಬಂದು, ಮನೆಯ ಹಿತ್ತಲ ಕರಿಬೇವಿಗೆ ಹಾಕಿದಳು.

ನಮ್ಮ ಕಡೆ ಜ್ಯೇಷ್ಠದ ಹುಣ್ಣಿಮೆಗೆ ಎರಡು ಹಬ್ಬ. ಒಡಿಶಾದಲ್ಲಿ, ಬಡಗಣ ಸೀಮೆಯಲ್ಲಿ ಸಾವಿತ್ರಿಯ ವ್ರತ ಅದಕ್ಕೂ ಹದಿನೈದು ದಿನ ಮೊದಲು, ಅಮಾವಾಸ್ಯೆಗೆ. ನಮಗೆ ಮರಾಠಿ ನಾಡಿನ ಹಾಗೆ ಹುಣ್ಣಿಮೆಗೇ. ಅದೇ ದಿನ ಕಾರಹುಣ್ಣಿಮೆ. ಮುಂಜಾನೆ ಹೆಂಗಸರು ಆಲದ ಮರಕ್ಕೆ ನೂಲು ಸುತ್ತಿ ಬರುತ್ತಾರೆ. ಸಂಜೆ ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಕೆಂದೆತ್ತು ಹರಿದರೆ ಮುಂಗಾರಿ ಬೆಳೆ, ಬಿಳಿಯದು ಹರಿದರೆ ಹಿಂಗಾರಿ. ಒಂದೇ ದಿನ ಆಲಕ್ಕೆ ದಾರ ಕಟ್ಟುವುದು, ಊರಬಾಗಿಲಲ್ಲಿ ದಾರ ಹರಿಯುವುದು. ನನಗೆ ಚಿಕ್ಕಂದಿನಲ್ಲಿ ಎರಡೂ ಒಂದೇ ಹಬ್ಬದ ಎರಡು ತುದಿ ಅನ್ನಿಸುತ್ತಿತ್ತು.

ಅವ್ವ ಮದುವೆಯಾದ ವರ್ಷದಿಂದ ಒಮ್ಮೆಯೂ ತಪ್ಪಿಸದೆ ಆಲಕ್ಕೆ ನೂಲು ಸುತ್ತಿದವಳು. ಅಪ್ಪ ತೀರಿಕೊಂಡದ್ದು ಒಂದು ನವೆಂಬರಿನಲ್ಲಿ, ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು. ಹನ್ನೊಂದು ದಿನವೂ ಅವ್ವ ಮಂಚದ ಬದಿಯ ಸ್ಟೂಲಿನ ಮೇಲೆ ಅವನ ಪಾದ ಹಿಡಿದು ಕುಳಿತಿದ್ದಳು. ಮನೆಗೆ ತಂದ ದಿನ ಬಂದವರಲ್ಲಿ ಒಬ್ಬಾಕೆ ಇನ್ನೊಬ್ಬಾಕೆಗೆ, "ಹೆಸರ ನೋಡ್ರಿ ಸಾವಿತ್ರಿ, ಹಣೇಬರಾ ನೋಡ್ರಿ" ಅಂದದ್ದು ನನಗೂ ಕೇಳಿಸಿತು, ಅವ್ವನಿಗೂ ಕೇಳಿಸಿತು. ಮುಂದಿನ ಹುಣ್ಣಿಮೆಗೆ ಯಾರೂ ಅವಳನ್ನು ಆಲದ ಹತ್ತಿರ ಕರೆಯಲಿಲ್ಲ. ಅವಳು ಮಧ್ಯಾಹ್ನ, ಎಲ್ಲರೂ ಹೋದ ಮೇಲೆ, ನನ್ನನ್ನು ಕರೆದುಕೊಂಡು ಹೋದಳು. ನೂಲು ಒಯ್ದಿರಲಿಲ್ಲ. ಕಾಂಡದ ಸುತ್ತ ಬಿಳಿಯ ಎಳೆಗಳು ನೂರಾರು ಸುತ್ತು ಬಿಗಿದಿದ್ದವು. ಒಂದು ಕಡೆ ಸಡಿಲಾಗಿ ನೆಲಕ್ಕೆ ಇಳಿಬಿದ್ದ ಎಳೆಯನ್ನು ಎತ್ತಿ ಒಳಗೆ ಸಿಕ್ಕಿಸಿದಳು. ಸೀರೆಯ ಸೆರಗು ಸಿಕ್ಕಿಸುವ ಹಾಗೆ. "ನಡಿ, ಎತ್ತು ಬರೂ ಹೊತ್ತಾತು" ಅಂದಳು.

ಅವಳ ಮೇಜಿನ ಮೇಲೆ ಇನ್ನೊಬ್ಬ ಸಾವಿತ್ರಿಯ ಚಿತ್ರ ಇದೆ. ಪ್ರತಿ ಜನವರಿ 3ಕ್ಕೆ ಶಾಲೆಯಲ್ಲಿ ಹಾರ ಹಾಕುತ್ತಿದ್ದ ಚಿತ್ರ ಅದು. ನಿವೃತ್ತಿಯ ದಿನ ಮಕ್ಕಳು ಕೊಟ್ಟದ್ದು. ಸಾವಿತ್ರಿಬಾಯಿ ಫುಲೆ ಹುಟ್ಟಿದ್ದು 1831ರಲ್ಲಿ, ಸಾತಾರಾ ಸೀಮೆಯ ನಾಯಗಾಂವಿನಲ್ಲಿ. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ದಾರಿಯಲ್ಲಿ ಕೆಸರು, ಸಗಣಿ ಎರಚುತ್ತಿದ್ದರು. ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆಯಲ್ಲಿ ಉಟ್ಟು ಪಾಠ ಹೇಳಿದರು. ಕರ್ನಾಟಕದ ಶಿಕ್ಷಕಿಯರು ಅವರನ್ನು ಅಕ್ಷರದವ್ವ ಅನ್ನುತ್ತಾರೆ, ಅದಕ್ಕಿಂತ ಒಳ್ಳೆಯ ಬಿರುದು ನನಗೆ ಗೊತ್ತಿಲ್ಲ. 1890ರ ನವೆಂಬರ್ 28ರಂದು ಜೋತಿಬಾ ತೀರಿಕೊಂಡಾಗ ಬೆಂಕಿಯ ಮಡಕೆ ಹಿಡಿದು ಶವದ ಮುಂದೆ ನಡೆದವರು ಸಾವಿತ್ರಿಬಾಯಿ. ಈ ಸಾವಿತ್ರಿಯೂ ಗಂಡನ ಸಾವಿನ ಜೊತೆ ನಡೆದರು. ಆತ ಮರಳಿ ಬರಲಿಲ್ಲ, ಇವರು ಮರಳಿ ಬಂದು ಕೆಲಸ ಹಿಡಿದರು. 1897ರಲ್ಲಿ ಪ್ಲೇಗ್ ಬಂದಾಗ ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿ ಮಾರ್ಚ್ 10ರಂದು ಹೋದರು. ಆಲದಿಂದ ಬಂದ ದಿನ ರಾತ್ರಿ ಅವ್ವ ಆ ಚಿತ್ರದ ಧೂಳು ಒರೆಸಿ, ಪಕ್ಕದಲ್ಲಿ ಅಪ್ಪನ ಫೋಟೋ ಇಟ್ಟಳು. ಎರಡೂ ಈಗಲೂ ಹಾಗೇ ಇವೆ.

ಕೌಂಟರಿನ ಹುಡುಗ ಹೊರಗೆ ಬಂದ. "ಅಜ್ಜೀ, ಎರಡೂ ಹೆಸರು ನಿಮ್ದ ಅಂತ ಒಂದ ಅರ್ಜಿ ಬರದ ಕೊಡ್ರಿ, ಆಮ್ಯಾಲ ನಾ ನೋಡ್ಕೋತೀನಿ" ಎಂದು ಬಿಳಿ ಹಾಳೆ ಕೊಟ್ಟ. ಅವ್ವ ಕನ್ನಡದಲ್ಲೇ ಬರೆದಳು, ಕರಿಹಲಗೆಯ ಮೇಲೆ ಬರೆದ ಹಾಗೆ ದುಂಡಗೆ. ಹುಡುಗ ಓದಿಕೊಳ್ಳುತ್ತ, "ಇಲ್ಲಿ ಎಚ್ ಎಲ್ಲಿ ಬರ್ತೈತ್ರಿ ಅಜ್ಜಿ?" ಎಂದು ಕೇಳಿದ. ಅವ್ವ ಪೆನ್ನಿನ ತುದಿಯನ್ನು ತನ್ನ ಹೆಸರಿನ ಕೆಳಗೆ ಇಟ್ಟು ಒಂದೊಂದಾಗಿ ಓದಿಸಿದಳು. "ಸಕ್ಕೆ ಇಳಿ, ಸಾ. ವಕ್ಕೆ ಗುಡಿಸು, ವಿ. ತಕ್ಕೆ ಗುಡಿಸು, ರ ಒತ್ತು, ತ್ರಿ. ಮೂರ ಅಕ್ಷರ ತಮ್ಮಾ." ಅವನೂ ಮೆಲ್ಲಗೆ ತುಟಿ ಆಡಿಸಿದ.

ಬೆರಳಿನ ಡಬ್ಬಿಯನ್ನು ಬದಿಗಿಟ್ಟು ಅವನು ಮೊಬೈಲನ್ನು ಅವಳ ಮುಖದ ಎದುರು ಹಿಡಿದ. "ಕಣ್ಣ ಮಿಟುಕಸ್ರಿ ಅಜ್ಜಿ." ಅವ್ವ ಮಿಟುಕಿಸಿದಳು. "ಇನ್ನೊಮ್ಮೆ." ಹಸಿರು ಗೆರೆಯೊಂದು ಅವಳ ಮುಖದ ಸುತ್ತ ದುಂಡಗೆ ತಿರುಗಿ ಕೂಡಿಕೊಂಡಿತು. "ಆತ್ರಿ, ಮುಂದಿನ ವರ್ಷದ ತನಕ ಚಿಂತಿಲ್ಲ" ಅಂದ ಹುಡುಗ.

ಹೊರಗೆ ಬ್ಯಾಂಕಿನ ಮೆಟ್ಟಿಲು ಕಡಿದಾಗಿದ್ದವು, ಹಿಡಿಯಲು ಕಂಬಿ ಇರಲಿಲ್ಲ. ನಾನು ಉಳುಕಿದ ಕಾಲನ್ನು ಮುಂದಿಡಲೋ ಬೇಡವೋ ಎಂದು ನೋಡುತ್ತಿದ್ದೆ. ಎಪ್ಪತ್ತೆಂಟರ ಅವ್ವ ಒಂದು ಮೆಟ್ಟಿಲು ಇಳಿದು ನಿಂತು ಹಿಂತಿರುಗಿದಳು. ಕಾಗದದ ಚೀಲವನ್ನು ಬಲಗೈಗೆ ಸಿಕ್ಕಿಸಿಕೊಂಡು, ಎಡಹೆಗಲನ್ನು ನನ್ನ ಕಡೆ ವಾಲಿಸಿ, "ಕೈ ಇಡು ಇಲ್ಲಿ" ಅಂದಳು.